ಬೋಗಿಯೊಳಗೆ ಉರಿಯುವುದು ಒಂದೇ ದೀಪವಲ್ಲ

ರಾತ್ರಿ ಹತ್ತು ದಾಟಿದ ಮೇಲೆ ಸ್ಲೀಪರ್ ಬೋಗಿಯಲ್ಲಿ ಯಾವ ಯಾವ ದೀಪ ಉರಿಯುತ್ತಿರುತ್ತವೆ? ಮೈಸೂರಿನಿಂದ ಹುಬ್ಬಳ್ಳಿಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಮಲಗಿ ಹೋದವರಿಗೆ ಇದು ಗೊತ್ತು. ಬರ್ತ್‌ಗಳ ನಡುವಿನ ಬಿಳಿ ದೀಪವನ್ನು ಯಾರೋ ಎದ್ದು ಆರಿಸಿರುತ್ತಾರೆ. ಸೂರಿನಲ್ಲಿ ನೀಲಿ ದೀಪ ಮಂದವಾಗಿ ಉರಿಯುತ್ತಿರುತ್ತದೆ. ಬಾಗಿಲ ಹತ್ತಿರ, ಶೌಚಾಲಯದ ಒಳಗೆ ಬಿಳಿ ಬೆಳಕು ಹಾಗೇ ಇರುತ್ತದೆ. ಎಲ್ಲೋ ನಡುವೆ ಒಂದು ಕಂಪಾರ್ಟ್‌ಮೆಂಟಿನಲ್ಲಿ ಮಾತ್ರ ಮಾತು ಮುಗಿಯದೆ ದೀಪವೂ ಆರಿರುವುದಿಲ್ಲ. ಪ್ಲಾಟ್‌ಫಾರಂ ಮೇಲೆ ನಿಂತು ಹೊರಗಿನಿಂದ ನೋಡುವವರಿಗೆ ರಾತ್ರಿ ರೈಲು ರಾತ್ರಿ ರೈಲಿನ ಹಾಗೆ ಕಾಣುವುದು ಈ ಹೆಚ್ಚುಕಡಿಮೆಯಿಂದಲೇ.

ಇಷ್ಟನ್ನೂ ಒಂದು ಗೇಣಿಗಿಂತ ತುಸು ಉದ್ದವಿರುವ ಮಾದರಿ ಬೋಗಿಯೊಳಗೆ ತರುವುದು ಈಗ ನನ್ನ ಕೆಲಸ. ರೈಲ್ವೆಯಲ್ಲಿ ನಾನು ದುಡಿದದ್ದು ಟ್ರೈನ್ ಲೈಟಿಂಗ್ ವಿಭಾಗದಲ್ಲಿ. ಡಿಪೋದಲ್ಲಿ ಎಲ್ಲರೂ ಅದನ್ನು ‘ಟಿಎಲ್’ ಎನ್ನುತ್ತಾರೆ. ರೇಕು, ಅಂದರೆ ಜೋಡಿಸಿದ ಬೋಗಿಗಳ ಸಾಲು, ತಪಾಸಣೆಯ ಪಿಟ್ ಲೈನಿಗೆ ಬಂದ ಕೂಡಲೇ ಬ್ಯಾಟರಿ ಪರೀಕ್ಷಿಸುವುದು, ಆಲ್ಟರ್ನೇಟರಿನ ಬೆಲ್ಟು ಬಿಗಿಯಾಗಿದೆಯೇ ನೋಡುವುದು, ಫ್ಯೂಸು ಹಾಕುವುದು, ಉರಿಯದ ದೀಪ ಬದಲಿಸುವುದು, ಇವೆಲ್ಲ ಟಿಎಲ್‌ನವರ ಪಾಲಿಗೆ ಬರುತ್ತವೆ. ನಿವೃತ್ತಿಯಾದ ಮೇಲೆ ಮಾದರಿ ರೈಲಿನ ಹವ್ಯಾಸಕ್ಕೆ ಬಂದೆ. ಬಂದವನು ಮೊದಲು ನೋಡಿದ್ದೇ ಬೋಗಿಗಳ ಒಳಗಿನ ದೀಪಗಳನ್ನು. ಅಂಗಡಿಯಲ್ಲಿ ಸಿಗುವ ದೀಪದ ಪಟ್ಟಿಯನ್ನು ಸೂರಿಗೆ ಅಂಟಿಸಿದ ಬೋಗಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಬೆಳಗುತ್ತದೆ. ಹಾಕಿದರೆ ಎಲ್ಲವೂ ಹತ್ತುತ್ತವೆ, ತೆಗೆದರೆ ಎಲ್ಲವೂ ಆರುತ್ತವೆ. ಯಾವ ನಿಜವಾದ ಬೋಗಿಯೂ ಹಾಗಿರುವುದಿಲ್ಲ.

ಹವ್ಯಾಸಿಗಳು ಹೆಚ್ಚಾಗಿ ಬಳಸುವ ಅಳತೆಗೆ ಎಚ್‌ಒ ಎಂದು ಹೆಸರು. ನಿಜವಾದ ವಸ್ತುವಿನ 87ನೇ ಒಂದು ಭಾಗ. ಚೆನ್ನೈನ ಪೆರಂಬೂರಿನಲ್ಲಿ 1955ರಲ್ಲಿ ಶುರುವಾದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯ ಬೋಗಿ, ನಾವೆಲ್ಲ ‘ಐಸಿಎಫ್’ ಎನ್ನುವ ಆ ಹಳೆಯ ನೀಲಿ ಬೋಗಿ, ಸುಮಾರು 21.3 ಮೀಟರ್ ಉದ್ದವಿದೆ. ಎಚ್‌ಒ ಅಳತೆಯಲ್ಲಿ ಅದು 24.5 ಸೆಂಟಿಮೀಟರ್ ಆಗುತ್ತದೆ. ಈಗ ಓಡಾಡುವ ಎಲ್‌ಎಚ್‌ಬಿ ಬೋಗಿ ಇನ್ನೂ ಉದ್ದ, 27 ಸೆಂಟಿಮೀಟರ್. ನಮ್ಮ ಬ್ರಾಡ್‌ಗೇಜಿನ ಅಗಲ 1676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19.3 ಬರಬೇಕು. ಆದರೆ ಜಗತ್ತಿನ ಎಚ್‌ಒ ಹಳಿಯೆಲ್ಲ 16.5 ಮಿಲಿಮೀಟರಿನದು. ಆದ್ದರಿಂದ ಭಾರತದ ಮಾದರಿಗಳೂ ಸಾಮಾನ್ಯವಾಗಿ ಅದೇ ಹಳಿಯ ಮೇಲೆ ಓಡುತ್ತವೆ. ಈ ವ್ಯತ್ಯಾಸ ದೀಪಕ್ಕೆ ಸಂಬಂಧಿಸಿದ್ದಲ್ಲ, ಬಿಡೋಣ.

ದೀಪಕ್ಕೆ ಸಂಬಂಧಿಸಿದ ಮೊದಲ ಪ್ರಶ್ನೆ ಕರೆಂಟು ಎಲ್ಲಿಂದ ಬರುತ್ತದೆ ಎಂಬುದು. ನಿಜವಾದ ರೈಲಿನವರು ಈ ಪ್ರಶ್ನೆಯೊಂದಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಗುದ್ದಾಡಿದ್ದಾರೆ. 1881ರ ಅಕ್ಟೋಬರಿನಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ‘ಬಿಯಾಟ್ರಿಸ್’ ಎಂಬ ಪುಲ್‌ಮನ್ ಬೋಗಿಯನ್ನು ವಿದ್ಯುತ್ ದೀಪ ಹಚ್ಚಿ ಓಡಿಸಿದರು. ಕರೆಂಟು ಬಂದದ್ದು ಫ್ರಾನ್ಸಿನ ಕಾಮಿಲ್ ಫೋರ್ ರೂಪಿಸಿದ ಬಗೆಯ ಸೀಸದ ಬ್ಯಾಟರಿಗಳಿಂದ. ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೋ ಬೆಳಕೂ ಅಷ್ಟೇ ಹೊತ್ತು. ಮುಂದೆ ಗಾಲಿಯ ಅಚ್ಚಿನಿಂದಲೇ ಬೆಲ್ಟು ಹಾಕಿ ಡೈನಮೋ ತಿರುಗಿಸುವ ಪದ್ಧತಿ ಬಂತು. ರೈಲು ಓಡುವಾಗ ಡೈನಮೋ ಕರೆಂಟು ಕೊಟ್ಟು ಬ್ಯಾಟರಿಯನ್ನೂ ತುಂಬಿಸುತ್ತದೆ. ನಿಂತಾಗ ಬ್ಯಾಟರಿಯೇ ದೀಪ ಹೊರುತ್ತದೆ. ನಮ್ಮ ಐಸಿಎಫ್ ಬೋಗಿಗಳ ಅಡಿಯಲ್ಲಿ ಇದೇ ತತ್ವ ಕೆಲಸ ಮಾಡುತ್ತಿತ್ತು: 110 ವೋಲ್ಟ್ ಡಿಸಿ, ಒಂದು ಆಲ್ಟರ್ನೇಟರ್, ಒಂದು ಸಾಲು ಬ್ಯಾಟರಿ. ಪ್ರತಿ ಬೋಗಿಗೂ ತನ್ನದೇ ಪವರ್ ಹೌಸ್.

ಹಳೆಯ ಪದ್ಧತಿಯ ಮಾದರಿ ರೈಲಿನಲ್ಲಿ ಡೈನಮೋ ಉಂಟು, ಬ್ಯಾಟರಿ ಇಲ್ಲ ಎನ್ನಬಹುದು. ಅಲ್ಲಿ ಹಳಿಗೆ ಸೊನ್ನೆಯಿಂದ 12 ವೋಲ್ಟಿನವರೆಗೆ ಡಿಸಿ ಕೊಡುತ್ತಾರೆ. ವೋಲ್ಟೇಜು ಏರಿಸಿದರೆ ಎಂಜಿನ್ನಿನ ವೇಗ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಅದೇ ಹಳಿಯಿಂದ ಬೋಗಿಯ ದೀಪಕ್ಕೂ ಕರೆಂಟು ತೆಗೆದುಕೊಂಡರೆ ರೈಲು ಓಡಿದಂತೆ ದೀಪ ಹೊಳೆಯುತ್ತದೆ, ಸ್ಟೇಷನ್ನಿನಲ್ಲಿ ನಿಂತ ಕೂಡಲೇ ಆರಿಹೋಗುತ್ತದೆ. ಜನ ಹತ್ತಿ ಇಳಿಯುವ ಹೊತ್ತಿಗೇ ಕತ್ತಲೆ! ಸಾಲದ್ದಕ್ಕೆ ರೈಲನ್ನು ಹಿಂದಕ್ಕೆ ಓಡಿಸಲು ಹಳಿಯ ಪ್ಲಸ್ ಮೈನಸ್ ಅದಲುಬದಲು ಮಾಡುತ್ತಾರೆ. ಎಲ್‌ಇಡಿ ಒಂದೇ ದಿಕ್ಕಿನ ಕರೆಂಟಿಗೆ ಉರಿಯುವಂಥದ್ದು. ನಾಲ್ಕು ಡಯೋಡ್‌ಗಳ ಬ್ರಿಡ್ಜ್ ಹಾಕಿದರೆ ಹಳಿ ಹೇಗೆ ತಿರುಗಿದರೂ ದೀಪಕ್ಕೆ ಸರಿಯಾದ ದಿಕ್ಕಿನಲ್ಲೇ ಕರೆಂಟು ಬರುತ್ತದೆ. ಆ ಒಂದು ತೊಂದರೆ ಅಲ್ಲಿಗೆ ಮುಗಿಯಿತು, ನಿಂತಾಗ ಆರುವ ತೊಂದರೆ ಉಳಿಯಿತು.

ಅದನ್ನು ಬೇರು ಸಮೇತ ಕಿತ್ತದ್ದು ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಜರ್ಮನಿಯ ಲೆನ್ಜ್ ಕಂಪನಿ ರೂಪಿಸಿದ ವಿಧಾನವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ಎಲ್ಲರಿಗೂ ಒಂದೇ ಮಾನದಂಡವಾಗಿ ಮಾಡಿತು. ಇದರಲ್ಲಿ ಹಳಿಯ ಮೇಲೆ ಯಾವಾಗಲೂ ಪೂರ್ತಿ ವೋಲ್ಟೇಜು ಇರುತ್ತದೆ, ಸುಮಾರು 15 ವೋಲ್ಟ್. ರೈಲು ನಿಂತಿರಲಿ, ಓಡುತ್ತಿರಲಿ, ಅದು ಇಳಿಯುವುದಿಲ್ಲ. ಆ ವೋಲ್ಟೇಜು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ, ಮತ್ತು ಬದಲಿಸುವ ಅವಧಿಯೇ ಸಂದೇಶ. ಪ್ರತಿ ಅರ್ಧಕ್ಕೆ 58 ಮೈಕ್ರೋಸೆಕೆಂಡ್ ಆದರೆ ಅದು ‘ಒಂದು’. 100 ಮೈಕ್ರೋಸೆಕೆಂಡ್ ಅಥವಾ ಇನ್ನೂ ಹೆಚ್ಚಾದರೆ ‘ಸೊನ್ನೆ’. ಹೀಗೆ ಸೊನ್ನೆ ಒಂದುಗಳ ಸಾಲಿನಲ್ಲಿ ವಿಳಾಸ ಮತ್ತು ಆಜ್ಞೆ ಎರಡೂ ಹೋಗುತ್ತವೆ: ‘30ನೇ ನಂಬರಿನವರೇ, ನಿಮ್ಮ ಎರಡನೇ ದೀಪ ಹಚ್ಚಿ’. ಎಂಜಿನ್ನಿನಲ್ಲೋ ಬೋಗಿಯಲ್ಲೋ ಕೂತ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟು ತನ್ನ ನಂಬರು ಕೇಳಿಬಂದಾಗ ಮಾತ್ರ ಕೆಲಸ ಮಾಡುತ್ತದೆ. ಕರೆಂಟೂ ಮಾತೂ ಅದೇ ಎರಡು ಹಳಿಗಳ ಮೇಲೆ ಬರುತ್ತವೆ. ಬೋಗಿಗಳ ಕೆಳಗೆ ತಂತಿ ಹಿಡಿದುಕೊಂಡೇ ವಯಸ್ಸು ಕಳೆದ ನನಗೆ ಇದನ್ನು ಮೊದಲ ಸಲ ಓದಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಬೋಗಿಗೆ ಎಂಜಿನ್ನಿನ ಡಿಕೋಡರ್ ಬೇಕಿಲ್ಲ, ಮೋಟಾರು ಇಲ್ಲವಲ್ಲ. ದೀಪಗಳಿಗೆಂದೇ ‘ಫಂಕ್ಷನ್ ಡಿಕೋಡರ್’ ಸಿಗುತ್ತದೆ. ಅದರ ತಂತಿಗಳ ಬಣ್ಣಕ್ಕೂ ಒಂದು ಕಟ್ಟುನಿಟ್ಟಿದೆ: ಕೆಂಪು ಕಪ್ಪು ಹಳಿಗೆ, ನೀಲಿ ಎಲ್ಲ ದೀಪಗಳ ಸಾಮಾನ್ಯ ಪ್ಲಸ್‌ಗೆ, ಬಿಳಿ ಹಳದಿ ಹಸಿರು ನೇರಳೆ ಒಂದೊಂದು ದೀಪದ ಮೈನಸ್‌ಗೆ. ನಾಲ್ಕು ತಂತಿ ಎಂದರೆ ನಾಲ್ಕು ಸ್ವಿಚ್ಚು. ಇಲ್ಲಿಗೆ ಬಂದ ಹವ್ಯಾಸಿಗಳಲ್ಲಿ ಬಹಳ ಜನ ಬಿಳಿ ತಂತಿಗೆ ಇಡೀ ಬೋಗಿಯ ದೀಪ ಸೇರಿಸಿ ಉಳಿದ ಮೂರನ್ನು ಕತ್ತರಿಸಿ ಹಾಕುತ್ತಾರೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಏಕೆಂದರೆ ನಿಜವಾದ ಬೋಗಿಯಲ್ಲಿ ದೀಪಗಳನ್ನು ಎಂದೋ ಪಾಲು ಮಾಡಿಟ್ಟಿದ್ದಾರೆ. ಐಸಿಎಫ್ ಬೋಗಿಯ ಜಂಕ್ಷನ್ ಬಾಕ್ಸಿನಲ್ಲಿ ‘ಎಲ್ 1’, ‘ಎಲ್ 2’ ಎಂದು ದೀಪಕ್ಕೇ ಎರಡು ಬೇರೆ ಬೇರೆ ಸ್ವಿಚ್ಚುಗಳು. ಫ್ಯಾನಿನದು ಪ್ರತ್ಯೇಕ. ಬಾಗಿಲು, ಓಡಾಡುವ ದಾರಿ, ಶೌಚಾಲಯ, ರಾತ್ರಿಯ ನೀಲಿ ದೀಪ, ಇವು ಎಲ್ 1. ಕೂತು ಓದಲು, ಉಣ್ಣಲು ಬೇಕಾದ ಉಳಿದ ದೀಪಗಳು ಎಲ್ 2. ಬ್ಯಾಟರಿ ಸೋತರೆ ಎಲ್ 2 ತೆಗೆದು ಎಲ್ 1 ಉಳಿಸಿಕೊಳ್ಳಬಹುದು. ಮುದುಕರು ರಾತ್ರಿ ಎದ್ದು ಶೌಚಾಲಯಕ್ಕೆ ಹೋಗುವಾಗ ಎಡವಬಾರದು, ಬಾಗಿಲ ಹತ್ತಿರ ಮಗು ಕಾಲು ಜಾರಬಾರದು ಎಂದು ಯಾರೋ ಕೂತು ಯೋಚಿಸಿ ಎಳೆದ ಗೆರೆ ಅದು. ಮಾದರಿ ಬೋಗಿಗೆ ದೀಪ ಹಾಕುವವರು ಕೊಂಡುಕೊಳ್ಳುವ ಮುಂಚೆ, ಬೆಸುಗೆ ಕಾಯಿಸುವ ಮುಂಚೆ, ಒಂದು ಕಾಗದದ ಮೇಲೆ ಈ ಗೆರೆ ಎಳೆದುಕೊಳ್ಳಬೇಕು ಎಂಬುದೇ ನನ್ನ ಬೇಡಿಕೆ. ದೀಪವನ್ನು ಹತೋಟಿಯಲ್ಲಿಡುವುದೆಂದರೆ ರಿಮೋಟಿನಲ್ಲಿ ಹಚ್ಚುವುದು ಆರಿಸುವುದು ಅಷ್ಟೇ ಅಲ್ಲ. ಯಾವ ದೀಪ ಯಾರಿಗಾಗಿ, ಯಾವ ಹೊತ್ತಿನಲ್ಲಿ ಎಂದು ಮೊದಲು ತೀರ್ಮಾನಿಸಬೇಕು.

ನನ್ನ ಸ್ಲೀಪರ್ ಬೋಗಿಯಲ್ಲಿ ಬಾಗಿಲು ಮತ್ತು ಶೌಚಾಲಯಗಳಿಗೆ ಬಿಳಿ ತಂತಿ. ಹಳದಿ ತಂತಿಗೆ ಬರ್ತ್‌ಗಳ ಮೇಲಿನ ದೀಪಗಳು, ಒಂದು ಕಂಪಾರ್ಟ್‌ಮೆಂಟು ಬಿಟ್ಟು. ಬಿಟ್ಟ ಆ ಕಂಪಾರ್ಟ್‌ಮೆಂಟು ಹಸಿರು ತಂತಿಗೆ, ಮಾತು ಮುಗಿಯದವರದು. ನೇರಳೆ ತಂತಿಗೆ ನೀಲಿ ದೀಪಗಳು. ಡಿಕೋಡರ್ ತಯಾರಾಗುವಾಗ ಬಿಳಿ ಹಳದಿ ತಂತಿಗಳನ್ನು ಎಂಜಿನ್ನಿನ ಮುಂದಿನ ಹಿಂದಿನ ದೀಪಗಳಿಗೆಂದು ಭಾವಿಸಿ ಹೊಂದಿಸಿರುತ್ತಾರೆ. ಹಾಗೇ ಬಿಟ್ಟರೆ ರೈಲು ಮುಂದೆ ಹೋಗುವಾಗ ಬಿಳಿ ಮಾತ್ರ, ಹಿಂದೆ ಬರುವಾಗ ಹಳದಿ ಮಾತ್ರ ಉರಿಯುತ್ತದೆ. ಅದನ್ನು ಬದಲಿಸಲು ‘ಸಿವಿ’ ಎಂಬ ನಂಬರಿನ ಗೂಡುಗಳಿವೆ. 33ರಿಂದ 46ರವರೆಗಿನ ಸಿವಿಗಳಲ್ಲಿ ಯಾವ ಬಟನ್ನಿಗೆ ಯಾವ ತಂತಿ ಎಂದು ಬರೆಯಬಹುದು. ಬೋಗಿಯ ವಿಳಾಸ ಸಿವಿ 1ರಲ್ಲಿ. ಇಡೀ ರೇಕಿಗೆ ಒಂದೇ ವಿಳಾಸ ಕೊಟ್ಟರೆ ಒಂದು ಬಟನ್ನಿಗೆ ಎಲ್ಲ ಬೋಗಿಗಳೂ ನೀಲಿಗೆ ತಿರುಗುತ್ತವೆ. ನನಗೆ ಅದು ಒಪ್ಪುವುದಿಲ್ಲ. ನಿಜವಾದ ರೈಲಿನಲ್ಲಿ ಎಲ್ಲ ಬೋಗಿಯವರೂ ಒಂದೇ ಗಳಿಗೆಗೆ ಮಲಗುತ್ತಾರೆಯೇ? ಬೇರೆ ಬೇರೆ ವಿಳಾಸ ಕೊಟ್ಟು ಒಂದೊಂದಾಗಿ ಆರಿಸುತ್ತೇನೆ.

ಕೊಂಡ ಡಿಕೋಡರಿನ ಬದಲು ನಾವೇ ಮಾಡಿಕೊಳ್ಳುವ ದಾರಿಯೂ ಇದೆ. ಅದರಲ್ಲಿ ನನ್ನ ಗುರು ನನ್ನ ಮಗಳು. ಎಟಿಟೈನಿ85 ಎಂಬ ಎಂಟು ಕಾಲಿನ ಚಿಪ್ಪು, ಹಳಿಯ ಸಂದೇಶವನ್ನು ಅದಕ್ಕೆ ಮುಟ್ಟಿಸಲು 6ಎನ್137 ಎಂಬ ಆಪ್ಟೊಕಪ್ಲರ್, 5 ವೋಲ್ಟಿಗೆ ಇಳಿಸಲು 78ಎಲ್05 ರೆಗ್ಯುಲೇಟರ್. ಎಲ್ಲವೂ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಬಹುದಾದ ಸಾಮಾನುಗಳು. ಡಿಸಿಸಿ ಸಂದೇಶ ಓದುವ ಪ್ರೋಗ್ರಾಮನ್ನು ಹವ್ಯಾಸಿಗಳು ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಹಳಿಗೆ ಸಂದೇಶ ಕಳಿಸುವ ಯಂತ್ರವನ್ನೂ ಆರ್ಡುಯಿನೊ ಬೋರ್ಡಿನಲ್ಲಿ ಕಟ್ಟಬಹುದು. ಡಿಸಿಸಿ-ಇಎಕ್ಸ್ ಎಂಬ ಯೋಜನೆ ಅದಕ್ಕೆಂದೇ ಇದೆ. ಮಗಳು ಕೇಳಿದಳು, ‘ಅಪ್ಪಾ, ಸ್ವಿಚ್ ಹಾಕಿದ ತಕ್ಷಣ ಟ್ಯೂಬ್‌ಲೈಟ್ ಹೇಗೆ ಹತ್ತುತ್ತಿತ್ತು?’ ಹಳೆಯ ಟ್ಯೂಬುಗಳು ಎರಡು ಮೂರು ಸಲ ಮಿಣುಕಿ ಆಮೇಲೆ ನಿಲ್ಲುತ್ತಿದ್ದವು, ಅದೂ ಒಂದೊಂದೂ ಒಂದೊಂದು ಹೊತ್ತಿಗೆ ಎಂದೆ. ಅವಳು ಹಾಗೇ ಬರೆದುಕೊಟ್ಟಳು. ‘ಇವು ಸುಮ್ಮನೆ ಬೇರೆ ಬೇರೆ ಹೊತ್ತಿಗೆ ಹತ್ತಿದರೆ ಸಾಕಾ, ಅಥವಾ ಹಳೆಯ ಟ್ಯೂಬು ಹೆಚ್ಚು ಮಿಣುಕಬೇಕಾ?’ ಎಂದು ಮತ್ತೆ ಕೇಳಿದಳು. ಹಳೆಯದು ಹೆಚ್ಚು ಮಿಣುಕಬೇಕು. ಈಗ ನಮ್ಮ ಬೋಗಿಯಲ್ಲಿ ಶೌಚಾಲಯದ ಪಕ್ಕದ ಟ್ಯೂಬು ತಡವಾಗಿ ಹತ್ತುತ್ತದೆ.

ದೀಪ ಎಷ್ಟು ಹೊಳೆಯಬೇಕು ಎಂಬಲ್ಲಿ ಲೆಕ್ಕ ಬೇಕು. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕಾಗುತ್ತದೆ. ಹಳಿಯ 15 ವೋಲ್ಟಿನಲ್ಲಿ ಡಯೋಡ್ ಬ್ರಿಡ್ಜು 1.4 ನುಂಗುತ್ತದೆ. ಮೂರು ಎಲ್‌ಇಡಿಗಳನ್ನು ಸಾಲಾಗಿ ಸೇರಿಸಿದರೆ 9 ವೋಲ್ಟ್ ಹೋಯಿತು, ಉಳಿದದ್ದು 4.6. ಇದನ್ನು 1,500 ಓಮ್ ರೆಸಿಸ್ಟರಿಗೆ ಕೊಟ್ಟರೆ ಸುಮಾರು 3 ಮಿಲಿಆಂಪಿಯರ್ ಹರಿಯುತ್ತದೆ. ಇಷ್ಟು ಪುಟ್ಟ ಬೋಗಿಗೆ ಅದು ಧಾರಾಳ. ಅಂಗಡಿಯ 12 ವೋಲ್ಟಿನ ಎಲ್‌ಇಡಿ ಪಟ್ಟಿಯಲ್ಲಿ ಮೂರರ ಒಂದು ತುಂಡಿಗೆ 20 ಮಿಲಿಆಂಪಿಯರ್ ಹರಿಯುವಂತೆ ಮಾಡಿರುತ್ತಾರೆ, ಏಕೆಂದರೆ ಅದು ಮನೆಯ ಶೋಕೇಸಿಗೆಂದು ಮಾಡಿದ್ದು. ಬೋಗಿಗೆ ಐದು ತುಂಡು ಹಾಕಿದರೆ 100 ಮಿಲಿಆಂಪಿಯರ್. ಹತ್ತು ಬೋಗಿಗೆ ಒಂದು ಆಂಪಿಯರ್. ಎಂಜಿನ್ ಎಳೆಯುವುದಕ್ಕಿಂತ ಹೆಚ್ಚು ಕರೆಂಟನ್ನು ದೀಪಗಳೇ ತಿನ್ನುತ್ತವೆ, ಕಿಟಕಿಗಳು ಕಣ್ಣು ಕುಕ್ಕುತ್ತವೆ. ನೀಲಿ ದೀಪಕ್ಕಂತೂ ಅರ್ಧ ಮಿಲಿಆಂಪಿಯರ್ ಸಾಕು. ಅದು ಕಂಡೂ ಕಾಣದಂತಿರಬೇಕು.

ಬಣ್ಣದ ವಿಷಯದಲ್ಲಿ ಯುರೋಪಿನವರ ಸಲಹೆ ನಮಗೆ ಹಾಗೇ ಒಗ್ಗುವುದಿಲ್ಲ. ಅವರ ಹಳೆಯ ಬೋಗಿಗಳಿಗೆ ಹಳದಿ ಮಿಶ್ರಿತ ಬೆಚ್ಚನೆಯ ಬಿಳಿ ಎಲ್‌ಇಡಿ ಸರಿ. ನಮ್ಮಲ್ಲೂ ಬಲ್ಬಿನ ಕಾಲದ ಬೋಗಿಗೆ ಅದೇ ಬಣ್ಣ. ಟ್ಯೂಬ್‌ಲೈಟು ಬಂದ ಮೇಲಿನ ಬೋಗಿಗೆ ತಣ್ಣನೆಯ ಬಿಳಿಯೇ ಬೇಕು. ನಿಮ್ಮ ಬೋಗಿ ಯಾವ ಕಾಲದ್ದು ಎಂದು ಕೇಳಿಕೊಂಡು ಆರಿಸಿ.

ಇನ್ನು ಮಿಣುಕು. ಟ್ಯೂಬಿನ ಮಿಣುಕನ್ನು ಬೇಕೆಂದು ಬರೆಸಿದೆವು. ಬೇಡದ ಮಿಣುಕು ಗಾಲಿಯಿಂದ ಬರುತ್ತದೆ. ಕರೆಂಟು ಬರುವುದು ಲೋಹದ ಗಾಲಿ ಹಳಿಯನ್ನು ಮುಟ್ಟುವುದರಿಂದ. ನಡುವೆ ಧೂಳು, ಎಣ್ಣೆಯ ಜಿಡ್ಡು ಬಂದರೆ, ಹಳಿ ಕವಲೊಡೆಯುವ ಪಾಯಿಂಟ್ಸಿನ ಕ್ರಾಸಿಂಗಿನಲ್ಲಿ ಪ್ಲಾಸ್ಟಿಕ್ ತುಂಡು ಬಂದರೆ, ಸಂಪರ್ಕ ಕಡಿಯುತ್ತದೆ. ಎಲ್‌ಇಡಿ ಅದನ್ನು ಮರೆಮಾಚುವುದಿಲ್ಲ. ಇಲ್ಲಿ ಬ್ಯಾಟರಿಯ ಜಾಗಕ್ಕೆ ಬರುವುದು ಕೆಪಾಸಿಟರ್. 470 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ 10 ಮಿಲಿಆಂಪಿಯರಿನ ದೀಪಗಳನ್ನು, 4 ವೋಲ್ಟ್ ಇಳಿಯುವವರೆಗೆ ಲೆಕ್ಕ ಹಾಕಿದರೆ, ಸೆಕೆಂಡಿನ ಐದರಲ್ಲಿ ಒಂದು ಭಾಗದಷ್ಟು ಹೊತ್ತು ತಡೆಯುತ್ತದೆ. ನಿಜದಲ್ಲಿ ಗಂಟೆಗೆ 60 ಕಿಲೋಮೀಟರಿನ ವೇಗವೆಂದರೆ ಮಾದರಿಯಲ್ಲಿ ಸೆಕೆಂಡಿಗೆ 19 ಸೆಂಟಿಮೀಟರ್. ಅಷ್ಟರಲ್ಲಿ ಬೋಗಿ ಮೂರೂವರೆ ಸೆಂಟಿಮೀಟರಿಗೂ ಹೆಚ್ಚು ದಾಟಿರುತ್ತದೆ. ಕೆಪಾಸಿಟರಿಗೆ 25 ವೋಲ್ಟ್ ತಡೆಯುವ ಶಕ್ತಿ ಇರಲಿ. ಸ್ವಿಚ್ ಹಾಕಿದ ಗಳಿಗೆಯಲ್ಲಿ ಹತ್ತು ಬೋಗಿಯ ಕೆಪಾಸಿಟರುಗಳು ಒಟ್ಟಿಗೆ ಕರೆಂಟು ಹೀರಿದರೆ ಹಳಿಗೆ ಕರೆಂಟು ಕೊಡುವ ಯಂತ್ರ ಅದನ್ನು ಶಾರ್ಟ್ ಸರ್ಕ್ಯೂಟ್ ಎಂದು ತಿಳಿದು ನಿಂತುಬಿಡುತ್ತದೆ. ತುಂಬುವ ದಾರಿಯಲ್ಲಿ 100 ಓಮ್ ರೆಸಿಸ್ಟರ್ ಇಟ್ಟು, ಖಾಲಿಯಾಗುವ ದಾರಿಗೆ ಪಕ್ಕದಲ್ಲಿ ಒಂದು ಡಯೋಡ್ ಕೊಟ್ಟರೆ ನಿಧಾನವಾಗಿ ತುಂಬಿ ತಡೆಯಿಲ್ಲದೆ ಕೊಡುತ್ತದೆ.

ಗಾಲಿಯಿಂದ ಕರೆಂಟು ತೆಗೆಯಲು ತೆಳುವಾದ ಫಾಸ್ಫರ್ ಬ್ರಾಂಜ್ ಪಟ್ಟಿಗಳನ್ನು ಗಾಲಿಗಳನ್ನು ಹಿಡಿದಿರುವ ಟ್ರಾಲಿಯ ಒಳಗೆ ಕೂರಿಸಿ ಗಾಲಿಯ ಹಿಂಬದಿಗೆ ಮೆಲ್ಲನೆ ತಾಗಿಸುತ್ತಾರೆ. ಬಿಗಿಯಾಗಿ ಒತ್ತಿದರೆ ಅದೇ ಬ್ರೇಕಾಗುತ್ತದೆ. ಹತ್ತು ಬೋಗಿಯ ಒತ್ತಡ ಸೇರಿದರೆ ಎಂಜಿನ್ ಏರಿನಲ್ಲಿ ಗಾಲಿ ಜಾರಿಸುತ್ತ ನಿಲ್ಲುತ್ತದೆ.

ಕರೆಂಟು ಎಲ್ಲಿಂದ ಎಂಬ ಪ್ರಶ್ನೆಗೆ ನಿಜವಾದ ರೈಲ್ವೆ ಕಂಡುಕೊಂಡ ಇನ್ನೊಂದು ಉತ್ತರವೂ ಇದೆ. ಎಲ್‌ಎಚ್‌ಬಿ ರೇಕಿನಲ್ಲಿ ಪ್ರತಿ ಬೋಗಿಗೆ ಆಲ್ಟರ್ನೇಟರ್ ಇಲ್ಲ. ತುದಿಯಲ್ಲಿ ಪವರ್ ಕಾರ್ ಇರುತ್ತದೆ. ಅದರ ಡೀಸೆಲ್ ಜನರೇಟರು 750 ವೋಲ್ಟಿನ ಮೂರು ಫೇಸ್ ಕರೆಂಟನ್ನು ಇಡೀ ರೇಕಿಗೆ ಹಂಚುತ್ತದೆ. ಈಗೀಗ ವಿದ್ಯುತ್ ಎಂಜಿನ್ನೇ ನೇರವಾಗಿ ಆ ಕರೆಂಟು ಕೊಡುತ್ತದೆ. ಮಾದರಿಯಲ್ಲೂ ಹೀಗೆ ಮಾಡಬಹುದು: ಪವರ್ ಕಾರಿನ ಎಲ್ಲ ಗಾಲಿಗಳಿಂದ ಕರೆಂಟು ತೆಗೆದು, ಡಿಕೋಡರನ್ನೂ ದೊಡ್ಡ ಕೆಪಾಸಿಟರನ್ನೂ ಅದರಲ್ಲೇ ಇಟ್ಟು, ಬೋಗಿಗಳ ನಡುವೆ ಕರೆಂಟು ಸಾಗಿಸುವ ಕಪ್ಲಿಂಗ್ ಹಾಕಿ ಉಳಿದ ಬೋಗಿಗಳಿಗೆ ಹಂಚುವುದು. ಉಳಿದ ಗಾಲಿಗಳು ಹಗುರವಾಗಿ ತಿರುಗುತ್ತವೆ, ಮಿಣುಕೂ ಇಲ್ಲ. ಆದರೆ ಬೋಗಿಗಳನ್ನು ಬಿಡಿಸಿ ಬೇರೆ ರೈಲಿಗೆ ಸೇರಿಸುವ ಸ್ವಾತಂತ್ರ್ಯ ಹೋಗುತ್ತದೆ. ಕಾಯಂ ಒಂದೇ ರೇಕು ಓಡಿಸುವವರಿಗೆ ಈ ದಾರಿ, ಶಂಟಿಂಗ್ ಪ್ರೀತಿಸುವವರಿಗೆ ಐಸಿಎಫ್ ದಾರಿ. ನಾನು ಎರಡನೆಯ ಪಂಗಡದವನು.

ಡಿಸಿಸಿಗೆ ದುಡ್ಡು ಹಾಕಲು ಈಗಲೇ ಮನಸ್ಸಿಲ್ಲದವರು ಬೋಗಿಯೊಳಗೆ ಬಟನ್ ಸೆಲ್ ಇಟ್ಟು ರೀಡ್ ಸ್ವಿಚ್ಚಿನಿಂದ ಹಚ್ಚಬಹುದು. ಸೂರಿನ ಮೇಲೆ ಅಯಸ್ಕಾಂತ ಆಡಿಸಿದರೆ ಹತ್ತುತ್ತದೆ, ಮತ್ತೊಮ್ಮೆ ಆಡಿಸಿದರೆ ಆರುತ್ತದೆ. ಕೆನಡಾದ ರಪಿಡೊ ಕಂಪನಿ ಇಂಥದ್ದೇ ಕಿಟ್ ಮಾಡಿದೆ. ಓಡುವ ರೈಲಿನಲ್ಲಿ ದೀಪ ಬದಲಿಸಲಾಗದು ಎಂಬುದೊಂದೇ ಕೊರತೆ.

ಆ ಕೊರತೆ ಎಷ್ಟು ದೊಡ್ಡದು ಎಂದು ಅರಿಯಲು ಹಗಲು ರಾತ್ರಿ ಎರಡೂ ಇರುವ ಪ್ರದರ್ಶನ ನೋಡಬೇಕು. ಬ್ರೌನ್ ಸಹೋದರರು 2001ರಲ್ಲಿ ಹ್ಯಾಂಬರ್ಗಿನಲ್ಲಿ ತೆರೆದ ಮಿನಿಯೇಚರ್ ವಂಡರ್‌ಲ್ಯಾಂಡಿನಲ್ಲಿ ಸುಮಾರು 15 ನಿಮಿಷಕ್ಕೊಮ್ಮೆ ಸೂರ್ಯ ಮುಳುಗುತ್ತಾನೆ. ಅಲ್ಲಿ ಮನೆಗಳೂ ಬೀದಿಗಳೂ ಒಂದೊಂದಾಗಿ ಬೆಳಗುತ್ತವೆ. ನಮಗೆ ಹತ್ತಿರವೆಂದರೆ ಪುಣೆಯಲ್ಲಿ ಭಾವುಸಾಹೇಬ್ ಜೋಶಿಯವರು ಕಟ್ಟಿದ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ. ಮಕ್ಕಳನ್ನು ಕರೆದುಕೊಂಡು ಹೋಗಿ. ಎಚ್‌ಒ ರೈಲುಗಳು ಓಡುವುದನ್ನು ಅಲ್ಲಿ ನೋಡಬಹುದು.

ಬೆಳಕು ಹೊರಗೆ ಸೋರುವುದು ಇನ್ನೊಂದು ಕಾಟ. ಪ್ಲಾಸ್ಟಿಕ್ ಬೋಗಿಯ ಗೋಡೆ ತೆಳು, ಒಳಗೆ ಎಲ್‌ಇಡಿ ಹತ್ತಿದರೆ ಗೋಡೆಯೇ ಹೊಳೆಯುತ್ತದೆ. ಒಳಬದಿಗೆ ಮೊದಲು ಕಪ್ಪು, ಅದರ ಮೇಲೆ ಒಳಾಂಗಣದ ಬಣ್ಣ ಬಳಿಯಬೇಕು. ಕಂಪಾರ್ಟ್‌ಮೆಂಟುಗಳನ್ನು ಬೇರೆ ಬೇರೆ ಹಚ್ಚುವ ನಮ್ಮಂಥವರು ನಡುವಿನ ಅಡ್ಡಗೋಡೆಗಳು ಸೂರಿನವರೆಗೂ ಮುಟ್ಟುವಂತೆ ಎಚ್ಚರ ವಹಿಸಬೇಕು. ಇಲ್ಲವಾದರೆ ಪಕ್ಕದವರ ಬೆಳಕು ಮಲಗಿದವರ ಮೇಲೆ ಬೀಳುತ್ತದೆ, ಎಳೆದ ತಂತಿಯೆಲ್ಲ ದಂಡ.

ಈಗ ಮೇಜಿನ ಮೇಲಿರುವುದು ಜನರಲ್ ಬೋಗಿ. ಅದಕ್ಕೆ ಬೇರೆಯೇ ನಕ್ಷೆ ಬೇಕು. ಅಲ್ಲಿ ರಾತ್ರಿ ಎಂದು ಯಾರೂ ದೀಪ ಆರಿಸುವುದಿಲ್ಲ. ನಿಂತವರು, ನೆಲದಲ್ಲಿ ಕೂತವರು, ಲಗೇಜಿನ ಮೇಲೆ ಒರಗಿದವರು, ಪ್ರತಿ ಸ್ಟೇಷನ್ನಿನಲ್ಲೂ ಹತ್ತುವವರು. ಬೆಳಗಿನವರೆಗೂ ಬಿಳಿ ದೀಪವೇ. ನೀಲಿಯ ನೇರಳೆ ತಂತಿ ಅಲ್ಲಿ ಬೇಕಿಲ್ಲ. ಅದನ್ನು ಹಿಂದಿನ ಕೆಂಪು ಟೇಲ್ ಲ್ಯಾಂಪಿಗೆ ಕೊಡುತ್ತಿದ್ದೇನೆ, ಈ ಬೋಗಿ ರೇಕಿನ ಕೊನೆಗೆ ಹೋದಾಗ ಬೇಕಾಗುತ್ತದೆ. ಅದು ಮಿನುಗುವ ಲಯವನ್ನು ಮಗಳು ಬರೆಯುತ್ತಿದ್ದಾಳೆ. ನೀವೂ ಶುರು ಮಾಡುವುದಾದರೆ ಒಂದೇ ಬೋಗಿಯಿಂದ ಶುರು ಮಾಡಿ, ಗಾಲಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಟ್ಟುಕೊಳ್ಳಿ, ಮತ್ತು ದಯವಿಟ್ಟು ಸೂರಿಗೆ ಗಟ್ಟಿ ಅಂಟು ಹಾಕಬೇಡಿ. ಯಾವ ಬೋಗಿಯಾದರೂ ಒಂದು ದಿನ ಟಿಎಲ್‌ನವರ ಕೈಗೆ ಬರಲೇಬೇಕು.